ಫ್ರಿಜ್ಜಿನ ಮೇಲೆ ಕೂತ ಮಿದುಳು

ಮಾರತ್ತಹಳ್ಳಿಯ ನಮ್ಮ ಕಂಪನಿಯಲ್ಲಿ ಮುಂದಿನ ತಲೆಮಾರಿನ ವೈರ್‌ಲೆಸ್ ನೆಟ್‌ವರ್ಕ್‌ಗೆ ಬೇಕಾದ ಸಾಫ್ಟ್‌ವೇರ್ ಮಾಡುತ್ತಾರೆ. ಮಾಡುತ್ತಾರೆ ಎಂದೆ, ನಾನು ಮಾಡುವುದಿಲ್ಲ. ಅದನ್ನು ಬಳಸುವುದು ಹೇಗೆಂದು ಕೈಪಿಡಿ ಬರೆಯುವುದಷ್ಟೇ ನನ್ನ ಕೆಲಸ. ಹೊರಮಾವಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ಸೂಕ್ಷ್ಮ ಯಾರಿಗೂ ಗೊತ್ತಿರಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ನನ್ನ ಹೆಂಡತಿ ಗಿರಿಜಾ ಧಾರವಾಡದವಳು. ಮಗಳು ಹುಟ್ಟಿದಾಗ ಕೆಲಸ ಬಿಟ್ಟವಳು ಮತ್ತೆ ಸೇರಬೇಕೆಂದು ಅರ್ಜಿ ಹಾಕಿ ಹಾಕಿ ಸೋತಿದ್ದಳು. ಕೊನೆಗೊಂದು ಕಂಪನಿ ಕರೆಯಿತು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಆನ್‌ಲೈನ್ ಸಂದರ್ಶನ! ಸಂದರ್ಶನ ಅವಳದು, ನಿದ್ದೆಗೆಟ್ಟವನು ನಾನು. ನಾನಿರುವುದೇ ಹಾಗೆ. ಪಕ್ಕದ ಮನೆಯ ಕುಕ್ಕರ್ ಸೀಟಿ ಹಾಕುವುದು ತಡವಾದರೂ ನನಗೆ ಚಿಂತೆ.

ಈ ಚಿಂತೆಗೆ ಕಾರಣವೂ ಇತ್ತು. ನಮ್ಮ ಕಟ್ಟಡಕ್ಕೆಲ್ಲ ಒಂದೇ ಇಂಟರ್ನೆಟ್ ಲೈನು, ಮಹಡಿಗೊಂದು ವೈಫೈ ಪೆಟ್ಟಿಗೆ. ಮೇಲಿನವರು ಸಿನಿಮಾ ಹಾಕಿದರೆ ನಮ್ಮ ಮನೆಯಲ್ಲಿ ಎಲ್ಲವೂ ನಿಂತುಹೋಗುತ್ತದೆ. ಅಕ್ಕಪಕ್ಕ ಎತ್ತರದ ಕಟ್ಟಡಗಳು ಎದ್ದಮೇಲೆ ಮೊಬೈಲ್ ಸಿಗ್ನಲ್ ಸಿಗುವುದು ತಾರಸಿಯ ನೀರಿನ ಟ್ಯಾಂಕಿನ ಬಳಿ ಮಾತ್ರ. ಹೆಂಡತಿಯ ಭವಿಷ್ಯವನ್ನು ಇಂಥ ನೆಟ್‌ವರ್ಕಿನ ಕೈಗೆ ಕೊಡುವುದೇ? ಛೆ! ನಾನಿರುವಾಗ!

ಅಸೋಸಿಯೇಷನ್ ಅಧ್ಯಕ್ಷ ನಾಗರಾಜಪ್ಪನವರನ್ನು ಮೆಟ್ಟಿಲ ಮೇಲೆಯೇ ಹಿಡಿದೆ. "ಟಿನ್ ಫ್ಯಾಕ್ಟರಿ ಜಂಕ್ಷನ್ ಗೊತ್ತಲ್ಲ ಸಾರ್? ಈಗ ನಮ್ಮ ಒಂದೊಂದು ಪೆಟ್ಟಿಗೇಲೂ ಒಬ್ಬೊಬ್ಬ ಟ್ರಾಫಿಕ್ ಪೊಲೀಸ್ ಇದ್ದಂಗೆ. ತನಗೆ ತೋಚಿದಂಗೆ ಗಾಡಿ ಬಿಡ್ತಾನೆ. ನಾವು ಅವರ ತಲೆ ತೆಗೆದು..."

"ತಲೆ ತೆಗೆದು?!"

"ಅಂದ್ರೆ ಯೋಚನೆ ಮಾಡೋ ಕೆಲಸ ತೆಗೆದು, ಎಲ್ಲಾನೂ ಒಂದೇ ಮಿದುಳಿಗೆ ಕೊಡ್ತೀವಿ ಸಾರ್. ನಮ್ಮ ಕಂಪನಿ ಸಾಫ್ಟ್‌ವೇರ್ ಹೇಳತ್ತೆ, ಪೆಟ್ಟಿಗೆ ಕೇಳತ್ತೆ. ಅಷ್ಟೇ!"

ಅವರು ಒಪ್ಪಿದರು. ಆ ಮಹಾ ಮಿದುಳೆಂದರೆ ನಮ್ಮ ಹಳೆಯ ಲ್ಯಾಪ್‌ಟಾಪು. ಮಗಳ ಕೈಗೆ ಸಿಗಬಾರದೆಂದು ಅದನ್ನು ಫ್ರಿಜ್ಜಿನ ಮೇಲೆ ಪ್ರತಿಷ್ಠಾಪಿಸಿದೆ. ಬೇರೆ ಲೈನು ಇಟ್ಟುಕೊಂಡಿದ್ದ ಕೆಳಮನೆಯ ಶಾಹೀನ್ ಆಂಟಿಯನ್ನೂ ನಮ್ಮ ಜಾಲಕ್ಕೆ ಕರೆದೆ. "ನಮ್ದು ಓಡ್ತಾ ಐತಲ್ಲ ಬೇಟಾ, ಬಿಟ್ಬಿಡು," ಎಂದರು. ಕಾಲದ ಜೊತೆ ಹೆಜ್ಜೆ ಹಾಕಲಾರದ ಆ ಹಿರಿಯರ ಬಗ್ಗೆ ನನಗೆ ಕನಿಕರವಾಯಿತು.

ಗಿರಿಜಾಳೂ ತಕರಾರು ತೆಗೆದಳು. "ಇದ್ದದ್ದು ಹ್ಯಾಂಗೋ ನಡದೈತಲ್ರೀ. ಸೋಮವಾರ ಹನ್ನೊಂದಕ್ಕ ನೆಟ್ ಇದ್ರ ಸಾಕು ನನಗ."

"ಬರೀ ನೆಟ್ ಯಾಕೆ? ನಿನಗೋಸ್ಕರ ರಾಜಮಾರ್ಗಾನೇ ಮಾಡಿಸ್ತೀನಿ!"

ಭಾನುವಾರ ಎಲ್ಲವೂ ಸೊಗಸಾಗಿ ನಡೆಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಸಂದರ್ಶನದ ಹೊತ್ತಿಗೇ ಯಾರಾದರೂ ಸಿನಿಮಾ ಹಾಕಿದರೆ? ತಳಮಳ ತಾಳಲಾರದೆ ಒಂದು ನಿಯಮ ಬರೆದೆ: ಹನ್ನೊಂದರಿಂದ ಹನ್ನೆರಡರವರೆಗೆ ಗಿರಿಜಾಳ ಲ್ಯಾಪ್‌ಟಾಪಿನ ಹೊರತು ಯಾವುದಕ್ಕೂ ದಾರಿ ಬಿಡಕೂಡದು. ಆಮೇಲೆ ಇನ್ನೊಂದು ಭಯ. ಕಳ್ಳರು ಯಾರಾದರೂ ಮಿದುಳಿನ ಸಂಪರ್ಕ ಕತ್ತರಿಸಿ ನಮ್ಮ ಜಾಲದೊಳಗೆ ನುಗ್ಗಿದರೆ? ಎರಡನೆಯ ನಿಯಮ ಬರೆದೆ: ಮಿದುಳಿನ ಮಾತು ಕೇಳಿಸದಿದ್ದರೆ ಪೆಟ್ಟಿಗೆಗಳು ಎಲ್ಲವನ್ನೂ ಬಂದ್ ಮಾಡತಕ್ಕದ್ದು.

ಸೋಮವಾರ ಗಿರಿಜಾ ಇಳಕಲ್ ಸೀರೆಯುಟ್ಟು ಕೂತಳು. ತೆರೆಯ ಮೇಲೆ ಮೂರು ಮುಖಗಳು ಬಂದವು. ಎಲ್ಲರೂ "ಗುಡ್ ಮಾರ್ನಿಂಗ್" ಎಂದರು. ಹನ್ನೊಂದು ಹೊಡೆಯಿತು. ನಡುವಿನ ಮಹನೀಯರು ಬಾಯಿ ತೆರೆದವರು ತೆರೆದ ಹಾಗೆಯೇ ಉಳಿದರು.

"ಏನಾತ್ರೀ?"

ಆದದ್ದು ಇಷ್ಟೇ. ಗಿರಿಜಾಳ ಲ್ಯಾಪ್‌ಟಾಪಿನ ಹೊರತು ಯಾವುದಕ್ಕೂ ದಾರಿ ಬಿಡಬೇಡಿ ಎಂದಿದ್ದೆ. ಫ್ರಿಜ್ಜಿನ ಮೇಲಿನ ಮಿದುಳೂ ಅದರಲ್ಲಿ ಸೇರಿತ್ತು! ಪೆಟ್ಟಿಗೆಗಳು ಅದರ ಬಾಯಿಯನ್ನೇ ಮುಚ್ಚಿಸಿದವು. ಬಾಯಿ ಮುಚ್ಚಿದ ಮಿದುಳಿನ ಮಾತು ಕೇಳಿಸದಿದ್ದಾಗ, ಎರಡನೆಯ ನಿಯಮದಂತೆ ಗಿರಿಜಾಳದ್ದೂ ಸೇರಿ ಎಲ್ಲವನ್ನೂ ಬಂದ್ ಮಾಡಿದವು. ನನ್ನ ಮಾತನ್ನು ಯಾರಾದರೂ ಇಷ್ಟು ಚಾಚೂ ತಪ್ಪದೆ ಪಾಲಿಸಿದ್ದು ಜೀವಮಾನದಲ್ಲಿ ಅದೇ ಮೊದಲು!

ನಿಯಮ ಅಳಿಸೋಣವೆಂದು ಫ್ರಿಜ್ಜಿಗೆ ಓಡಿದೆ. ಅಳಿಸಿದೆ. ಆದರೆ ಅಳಿಸಿದ ಸುದ್ದಿ ಪೆಟ್ಟಿಗೆಗಳಿಗೆ ಮುಟ್ಟಬೇಕಲ್ಲ! ಅವಳು ಎಷ್ಟು ದಿನ ಕಾದಿದ್ದಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ತಾರಸಿ!" ಎಂದು ಕೂಗಿ, ಲ್ಯಾಪ್‌ಟಾಪು ಎದೆಗವಚಿಕೊಂಡು ಮೆಟ್ಟಿಲು ಹತ್ತಿದೆ. ಟ್ಯಾಂಕಿನ ಪಕ್ಕ ಒಂದು ಬಕೆಟ್ ಬೋರಲು ಹಾಕಿ ಗಿರಿಜಾಳನ್ನು ಕೂರಿಸಿದೆ. ಫೋನಿನಿಂದ ನೆಟ್ ಕೊಟ್ಟು ಲ್ಯಾಪ್‌ಟಾಪು ತೆರೆದೆ. 'ಯಾವ ಪೆಟ್ಟಿಗೆಯೂ ಸಂಪರ್ಕದಲ್ಲಿಲ್ಲ' ಎಂದು ಬಂತು.

"ನನ್ನ ಲ್ಯಾಪ್‌ಟಾಪ್ ಎಲ್ಲೈತ್ರೀ? ನಿಮ್ಮ ಮಿದುಳು ಹೊತ್ಕೊಂಡು ಬಂದೀರಲ್ರೀ!"

ಕೆಳಗೋಡಿ ಅವಳದನ್ನು ತರುವಷ್ಟರಲ್ಲಿ ತಾರಸಿ ತುಂಬಿಹೋಗಿತ್ತು. ನೆಟ್ ಕಳೆದುಕೊಂಡ ಮನೆಯವರೆಲ್ಲ ಫೋನು ಹಿಡಿದು ಟ್ಯಾಂಕನ್ನು ಸುತ್ತುವರಿದಿದ್ದರು. ಇದ್ದ ಒಂದಿಷ್ಟು ಸಿಗ್ನಲ್ಲೂ ಅಷ್ಟು ಜನರಿಗೆ ಹಂಚಿಹೋಗಿ ಏಳಲೇ ಇಲ್ಲ.

"ಏನ್ರೀ, ನಿಮ್ ಮುಂದಿನ ತಲೆಮಾರು ಎಲ್ರೀ?" ಎಂದರು ನಾಗರಾಜಪ್ಪ.

ಮೂಲೆಗೆ ಸರಿದು ಆಫೀಸಿನ ಗೆಳೆಯ ಮಧುಗೆ ಫೋನ್ ಮಾಡಿದೆ. ಕತೆ ಕೇಳಿ ಅವನು, "ಮಿದುಳಿಗೆ ಮೊದ್ಲು ದಾರಿ ಬಿಟ್ಟು ಆಮೇಲೆ ಬಂದ್ ಮಾಡ್ಬೇಕು ಮಗಾ! ದಪ್ಪ ಅಕ್ಷರದಲ್ಲಿದೆ. ಕೈಪಿಡಿ ಓದಿಲ್ವಾ?" ಎಂದ.

"ಬರೆದೋನೇ ನಾನು ಗುರು!"

"ಬರೆದಿದೀಯ, ಸರಿ. ಓದಿದೀಯಾ?"

ಅಷ್ಟರಲ್ಲಿ ಒಣಹಾಕಿದ ಬಟ್ಟೆ ತೆಗೆಯಲು ಶಾಹೀನ್ ಆಂಟಿ ಮೇಲೆ ಬಂದರು. ಬಕೆಟ್ಟಿನ ಮೇಲೆ ಕಣ್ಣು ತುಂಬಿಕೊಂಡು ಕೂತಿದ್ದ ಗಿರಿಜಾಳನ್ನು ನೋಡಿದ್ದೇ, "ಅರೆ, ಅಳ್ಬೇಡಮ್ಮಾ. ಫೋನ್ ಮಾಡಿ ಹತ್ತು ನಿಮಿಷ ಟೈಮ್ ಕೇಳು. ಬಾ ನಮ್ಮನೇಗೆ," ಎಂದು ಕೈಹಿಡಿದು ಕರೆದೊಯ್ದರು. ಅವರ ಟಿವಿ ಪಕ್ಕದಲ್ಲಿ, ಕಸೂತಿ ಬಟ್ಟೆ ಹೊದ್ದುಕೊಂಡು ಹಳೆಯ ಪೆಟ್ಟಿಗೆಯೊಂದು ತಣ್ಣಗೆ ಮಿನುಗುತ್ತಿತ್ತು. ಗಿರಿಜಾ ಅಲ್ಲೇ ಕೂತಳು. ನಾನೂ ಒಳಹೊಕ್ಕೆ. "ನೀನು ಹೊರಗೇ ಇರು ಬೇಟಾ," ಎಂದು ಆಂಟಿ ಬಾಗಿಲು ಹಾಕಿಕೊಂಡರು. ಅವರ ಚಪ್ಪಲಿಗಳ ಜೊತೆ ಮೆಟ್ಟಿಲ ಮೇಲೆ ಕೂತು ಉಗುರು ಕಚ್ಚಿದೆ.

ಕೆಲಸ ಸಿಕ್ಕಿತು! ಮನೆಯಿಂದಲೇ ಮಾಡುವ ಕೆಲಸ. 'ಒಂದು ಯೋಜನೆ ಪೂರ್ತಿ ಕೆಟ್ಟುಹೋದಾಗ ಹೇಗೆ ನಿಭಾಯಿಸಿದಿರಿ?' ಎಂದು ಕೇಳಿದರಂತೆ. "ಹಳೇ ಉದಾಹರಣೆ ಹುಡುಕಾಕ ಹೋಗ್ಲಿಲ್ರೀ," ಎಂದಳು ಗಿರಿಜಾ. ಬಾಯಿ ತೆರೆದು ನಿಂತಿದ್ದ ಆ ಮಹನೀಯರೇ ಎಲ್ಲರಿಗಿಂತ ಜೋರಾಗಿ ನಕ್ಕರಂತೆ.

ಪೆಟ್ಟಿಗೆಗಳಿಗೆ ಅವುಗಳ ತಲೆ ವಾಪಸ್ಸು ಕೊಟ್ಟಾಯಿತು. ಫ್ರಿಜ್ಜಿನ ಮೇಲೀಗ ಚಕ್ಕುಲಿ ಡಬ್ಬಿ ಇದೆ. ಗಿರಿಜಾ ತನ್ನ ಸಂಬಳದಲ್ಲಿ ಬೇರೆ ಲೈನು ಹಾಕಿಸಿಕೊಂಡಿದ್ದಾಳೆ. ಮೊನ್ನೆ ಮೆಲ್ಲಗೆ ಪಾಸ್‌ವರ್ಡ್ ಕೇಳಿದೆ.

"ಶಾಹೀನ್ ಆಂಟಿಗೆ ಕೊಟ್ಟೇನಿ. ನಿಮ್ಮದು ವಿಚಾರ ಮಾಡ್ತೇನ್ರೀ," ಎಂದಳು.

ವಿಚಾರ ಇನ್ನೂ ನಡೆಯುತ್ತಿದೆ, ಮೇಲಿನವರ ಸಿನಿಮಾ ಕೂಡ. ಈ ಬರಹವನ್ನು ನೀರಿನ ಟ್ಯಾಂಕಿನ ಪಕ್ಕ, ಬಕೆಟ್ಟಿನ ಮೇಲೆ ಕೂತು ಕಳಿಸುತ್ತಿದ್ದೇನೆ.