ನಾನೇ ಎತ್ತಬೇಕಾದ ಟ್ರಂಕು

ಜನ ತಮ್ಮ ಮನಸ್ಸನ್ನು ಬೇರೆಯವರೆದುರು ಬಿಚ್ಚಲು ಹಿಂಜರಿಯುತ್ತಾರೆ. ಟ್ರಂಕನ್ನು ಬಿಚ್ಚಲು ಹಿಂಜರಿಯುವವರನ್ನು ಮಾತ್ರ ನಮ್ಮ ಚಳ್ಳಕೆರೆಯಲ್ಲಿ ನಾನು ಕಂಡಿಲ್ಲ, ನನ್ನನ್ನು ಬಿಟ್ಟರೆ. ಯಾರಾದರೂ ಊರಿಗೆ ಹೊರಟರೆ ಅವರ ಟ್ರಂಕು ನಾಲ್ಕು ದಿನ ಮುಂಚೆಯೇ ನಡುಮನೆಗೆ ಬಂದು ಬಾಯಿ ತೆರೆದುಕೊಂಡು ಕೂರುತ್ತದೆ. ಬಂದವರೆಲ್ಲ ಬಗ್ಗಿ ನೋಡುತ್ತಾರೆ. ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೇಯ್ಗೆ ಪರೀಕ್ಷಿಸುತ್ತಾರೆ. ಇದನ್ನು ಯಾಕೆ ಇಟ್ಟೆ, ಅದನ್ನು ಯಾಕೆ ಬಿಟ್ಟೆ ಎಂದು ಕೇಳುತ್ತಾರೆ. ಕವಡೆ ಆಟಕ್ಕೆ ಕೂತವರಂತೆ ಅದರ ಸುತ್ತ ಕೂತು ಎಲೆಯಡಿಕೆ ಹಾಕುತ್ತಾರೆ. ನನಗೆ ನನ್ನ ಬಾಚಣಿಗೆಯನ್ನು ಪರರು ನೋಡಿದರೂ ಮುಖ ಕೆಂಪಾಗುತ್ತದೆ. ಇಂಥವಳು ಹೋದ ಬೇಸಿಗೆಯಲ್ಲಿ ರಜೆಗೆಂದು ಊರು ಬಿಟ್ಟು ಹೊರಡಬೇಕಾಯಿತು.

ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಪಾಠ ಹೇಳುತ್ತೇನೆ. ಬೇಸಿಗೆಯಲ್ಲಿ ಶಾಲೆ ಮುಚ್ಚಿದಾಗ ಬೆಂಗಳೂರಿಗೆ ಬಂದು ತನ್ನ ಮನೆಯಲ್ಲಿ ಸ್ವಲ್ಪ ದಿನ ಇರು ಎಂದು ಕಾಲೇಜಿನ ಗೆಳತಿ ಕಮಲಾ ಕರೆದಿದ್ದಳು. ಓದುವುದು, ಸಂಜೆ ತೋಟದಲ್ಲಿ ಅಡ್ಡಾಡುವುದು, ಮಾತಾಡಬೇಕೆನಿಸಿದರೆ ಮಾತಾಡುವುದು, ಇಲ್ಲದಿದ್ದರೆ ಸುಮ್ಮನಿರುವುದು. ಇಷ್ಟನ್ನು ನೆರೆಹೊರೆಗೆ ವಿವರಿಸಲು ನನಗೆ ಬಂದ ಕನ್ನಡ ಸಾಲಲಿಲ್ಲ. ನಮ್ಮಲ್ಲಿ ಊರಿಗೆ ಹೋಗುವುದೆಂದರೆ ಮದುವೆ ಇರಬೇಕು, ಬಾಣಂತನ ಇರಬೇಕು, ಸಾವು ಆಗಿರಬೇಕು, ಇಲ್ಲವೇ ದೇವರಿಗೆ ಹರಕೆ ಹೊತ್ತಿರಬೇಕು.

"ಯಾರ ಮದುವೆ ಐತೆ ಬೆಂಗಳೂರಾಗೆ?" ಎಂದು ಪಕ್ಕದ ಮನೆಯ ಗೌರವ್ವ ಕೇಳಿದಳು.

"ಯಾರದೂ ಇಲ್ಲ ಗೌರವ್ವಾ. ಸುಮ್ಮನೆ ಹೋಗ್ತಿದ್ದೀನಿ."

"ಸುಮ್ಮನೆ ಕೂರಾಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನಮ್ಮ ಜಗಲಿ ಮ್ಯಾಲೆ ಕೂತ್ಕೋ ಬಾ."

ಅಪ್ಪನಿಗೆ ನಾನು ಹೋಗುವುದರ ಬಗ್ಗೆ ತಕರಾರಿರಲಿಲ್ಲ. ಒಬ್ಬಳೇ ಹೋಗುವುದರ ಬಗ್ಗೆ ಇತ್ತು. ನಮ್ಮ ತಂದೆ ಕಡಿಮೆ ಮಾತಿನವರು, ಆ ಗುಣ ನನಗೆ ಬಂದದ್ದು ಅವರಿಂದಲೇ. ಒಂದು ದಿನ ಊಟಕ್ಕೆ ಕೂತಾಗ ತೀರ್ಪು ಹೇಳಿದರು. "ಮೊಳಕಾಲ್ಮುರಿಗೆ ಹೋಗಿ ಮಾವನ ಮನೇಲಿ ಇಳ್ಕೋ. ಅಲ್ಲಿಂದ ಹೊರಡೋವಾಗ ಟ್ರಂಕು ನೀನೇ ಎತ್ತಿ ಗಾಡಿಗೆ ಇಟ್ರೆ ಒಬ್ಬಳೇ ಹೋಗು. ಎತ್ತಾಕೆ ಆಗ್ಲಿಲ್ಲ ಅಂದ್ರೆ ಮಾವ ಜೊತೆಗೆ ಬರ್ತಾನೆ." ಹೆಣ್ಣುಮಗಳೊಬ್ಬಳು ರೈಲು ಬದಲಿಸಬೇಕಾದಲ್ಲಿ ತನ್ನ ಸಾಮಾನಿಗಾಗಿ ಕಂಡವರನ್ನು ಕರೆಯುವಂತಾಗಬಾರದು ಎಂಬುದು ಅವರ ತರ್ಕ. ಅದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಹೆದರಿಕೆ ಇದ್ದದ್ದು ಮಾವನ ಬಗ್ಗೆ.

ಮಾವ ಎಂದರೆ ಅವ್ವನ ತಮ್ಮ ವೆಂಕಟಪ್ಪ. ಮೊಳಕಾಲ್ಮುರಿನಲ್ಲಿ ನೇಕಾರರಿಂದ ರೇಷ್ಮೆ ಸೀರೆ ಕೊಂಡು ಬಳ್ಳಾರಿಯ ಅಂಗಡಿಗಳಿಗೆ ಒದಗಿಸುವ ವ್ಯಾಪಾರ ಅವರದು. ಬಂಗಾರದಂಥ ಮನುಷ್ಯ. ಆದರೆ ಗುರುತಿಲ್ಲದವರ ಪಕ್ಕದಲ್ಲಿ ಎರಡು ನಿಮಿಷ ಬಾಯಿ ಮುಚ್ಚಿಕೊಂಡು ಕೂರಲಾರರು, ಮತ್ತು ಅವರ ಮಾತೆಲ್ಲ ನನ್ನ ಮೇಲೆಯೇ. ಹಿಂದೊಮ್ಮೆ ಬಳ್ಳಾರಿಗೆ ಮದುವೆಗೆ ಹೋಗುವಾಗ ರಾಯದುರ್ಗದ ರೈಲಿನಲ್ಲಿ, "ನಮ್ಮ ಹುಡುಗಿ ಬಿ.ಎ. ಆಗೈತ್ರೀ" ಎಂದು ಶುರುಮಾಡಿದರು. ಎದುರಿಗಿದ್ದ ಕಡಲೆಕಾಯಿ ವ್ಯಾಪಾರಿ ನಂಬಲಿಲ್ಲ. ಮಾವ ರೈಲು ನಿಲ್ಲಿಸುವ ಸರಪಳಿಯ ಕೆಳಗೆ ಇಂಗ್ಲಿಷಿನಲ್ಲಿ ಬರೆದಿದ್ದ ಸೂಚನೆಯನ್ನು ತೋರಿಸಿ, "ಓದವ್ವಾ, ಗಟ್ಟಿಯಾಗಿ ಓದು" ಎಂದರು. ಕಾರಣವಿಲ್ಲದೆ ಸರಪಳಿ ಎಳೆದರೆ ದಂಡ ಹಾಕಲಾಗುವುದು ಎಂಬುದನ್ನು ನಾನು ಡಬ್ಬಿಯ ಸಮಸ್ತರಿಗೂ ಓದಿ ಹೇಳಿದೆ. ಮಾವನಿಗೆ ತುಂಬ ಹಿಡಿಸಿತು. ಮುಂದಿನ ಸ್ಟೇಷನ್ನಿನಲ್ಲಿ ಹತ್ತಿದವರಿಗಾಗಿ ಮತ್ತೊಮ್ಮೆ ಓದಿಸಿದರು. ಬೆಂಗಳೂರಿನವರೆಗೆ ಎಷ್ಟು ಸ್ಟೇಷನ್ನುಗಳಿವೆ ಎಂದು ಯೋಚಿಸಿದಾಗ, ಏನಾದರೂ ಸರಿ ಈ ಟ್ರಂಕನ್ನು ಎತ್ತಿಯೇ ತೀರಬೇಕು ಎಂದು ನಿಶ್ಚಯಿಸಿದೆ.

ಮೊದಲು ನಾನು ಇಟ್ಟುಕೊಂಡದ್ದು ಹದವಾಗಿತ್ತು: ಐದಾರು ಸೀರೆ, ಕುಪ್ಪಸಗಳು, ಓದಲು ಪುಸ್ತಕಗಳು, ಸಾಬೂನು. ಬಾಗಿಲು ಮುಚ್ಚಿಕೊಂಡು ಎತ್ತಿ ನೋಡಿದೆ, ಬಂತು. ಆದರೆ ಟ್ರಂಕು ನಡುಮನೆಗೆ ಬಂದ ಮೇಲೆ ಅದು ನನ್ನದಾಗಿ ಉಳಿಯಲಿಲ್ಲ. ಅವ್ವ ಕಮಲಾಳ ಮನೆಗೆಂದು ಹುರಿಗಡಲೆ ಉಂಡೆ, ಕಡಲೆಕಾಯಿ ಚಟ್ನಿಪುಡಿ, ಬಾಳಕದ ಮೆಣಸಿನಕಾಯಿ ಮಾಡಿದರು. "ಬರಿಗೈಲಿ ಹೋದ್ರೆ ನನ್ನ ಮಾನ ಹೋಗ್ತೈತೆ" ಎಂದರು. ಅವ್ವನ ಮಾನ ತಾಮ್ರದ ಡಬ್ಬಿಗಳಲ್ಲಿತ್ತು, ಒಂದೊಂದೂ ಕಲ್ಲಿನಂತೆ ಭಾರ. ಅಷ್ಟರಲ್ಲಿ ಗೌರವ್ವ ಹೊಸ ಕಂಬಳಿ ಹೊತ್ತು ತಂದಳು. ಅವಳ ಮಗ ನೇಯ್ದದ್ದು.

ಹೊಸ ಕಂಬಳಿ ಎಂದರೆ ಏನೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹುಣಸೆಬೀಜದ ಗಂಜಿ ಕುಡಿಸಿ ಒಣಗಿಸಿರುತ್ತಾರೆ. ಹಲವು ಬಾರಿ ಒದ್ದೆಯಾಗಿ, ಹಲವು ಬೆನ್ನುಗಳ ಮೇಲೆ ಓಡಾಡಿ, ಕೆಲವು ವರ್ಷಗಳಲ್ಲಿ ಅದು ಮೆದುವಾಗುತ್ತದೆ. ಅಲ್ಲಿಯವರೆಗೆ ಅದು ಬಟ್ಟೆಯಲ್ಲ, ಹಲಗೆ. ಗೌರವ್ವ ಅದನ್ನು ಕೆಳಗಿಳಿಸಿದಾಗ ಅದು ಗೋಡೆಗೆ ಒರಗದೆ ತಾನಾಗಿ ನಿಂತುಕೊಂಡಿತು.

"ಗೌರವ್ವಾ, ಈಗ ಬೇಸಿಗೆ."

"ಬೆಂಗಳೂರಾಗೆ ಬ್ಯಾಸಿಗ್ಯಾಗೂ ಚಳಿ ಐತಂತೆ. ನಮ್ಮ ಮೈಯಿಗೆ ತಡಿಯಾಂಗಿಲ್ಲ. ನೀನು ಕೆಮ್ಮಿಕೊಂತ ಬಂದ್ರೆ ನಿಮ್ಮಪ್ಪ ನನ್ನ ಕೇಳ್ತಾರೆ."

ಬೇಡವೆಂದರೆ ಅವಳ ಮಗನ ಕೈಕೆಲಸವನ್ನು ಬೇಡವೆಂದಂತೆ. ಅವ್ವ ಮತ್ತು ಗೌರವ್ವ ಸೇರಿ, ಒಬ್ಬರು ಮಂಡಿಯೂರಿ ಇನ್ನೊಬ್ಬರು ಹಿಡಿದು, ಕಂಬಳಿಯನ್ನು ಮಡಿಸಿದರು. ಅದು ಟ್ರಂಕಿನ ತಳವನ್ನೆಲ್ಲ ಆಕ್ರಮಿಸಿ, ಮೇಲೇಳಲು ಸಮಯ ಕಾಯುತ್ತ ಮಲಗಿತು. ಕೊಟ್ಟವರ ಸಾಮಾನನ್ನು ಹೊರಗಿಡುವಂತಿರಲಿಲ್ಲ, ಯಾಕೆಂದರೆ ಕೊಟ್ಟವರು ದಿನಕ್ಕೆರಡು ಬಾರಿ ಬಂದು ತಮ್ಮದು ಇದೆಯೇ ಎಂದು ನೋಡಿ ಹೋಗುತ್ತಿದ್ದರು. ಯಾರೂ ವಿಚಾರಿಸದ ಸಾಮಾನು ಯಾವುದೆಂದು ಹುಡುಕಿದರೆ ಅದು ನನ್ನದೇ. ಪುಸ್ತಕಗಳು ಒಂದೊಂದಾಗಿ ಹೊರಗೆ ಬಂದವು. ಆಮೇಲೆ ಸೀರೆಗಳು. ಗಾಡಿ ಹತ್ತುವ ಹೊತ್ತಿಗೆ ಟ್ರಂಕಿನಲ್ಲಿ ನನ್ನದೆಂದು ಹೇಳಬಹುದಾದದ್ದು ಒಂದು ಮೂಲೆ ಮಾತ್ರ.

ದಾರಿಯಲ್ಲಿ ತಳಕು ಎಂಬ ಊರಿನಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಕಮಾನುಗಾಡಿಯಲ್ಲಿ ಮೈಯ ಕೀಲುಗಳನ್ನೆಲ್ಲ ಪರಿಚಯ ಮಾಡಿಕೊಂಡು ಮೊಳಕಾಲ್ಮುರು ಸೇರಿದೆ. ಅಪ್ಪನ ಷರತ್ತು ಮಾವನಿಗೆ ಮೊದಲೇ ತಿಳಿದಿತ್ತು. ಅವರು ಬೆಂಗಳೂರನ್ನು ನೋಡಿರಲಿಲ್ಲ. ನೋಡುವ ಆಸೆ ಬಹಳವಿತ್ತು. ಅಂದರೆ ನ್ಯಾಯಾಧೀಶರೇ ಪ್ರತಿವಾದಿ. ಬಾಗಿಲಲ್ಲೇ ಟ್ರಂಕನ್ನು ಕಾಲಿನಿಂದ ಒಮ್ಮೆ ನೂಕಿ ನೋಡಿದರು.

"ಹಗುರ ಐತಲ್ಲವ್ವಾ! ಜನ ಏನಂತಾರೆ, ಮಾವ ಏನೂ ಕೊಡ್ಲಿಲ್ವಾ ಅಂತಾರೆ" ಎಂದು ಕಮಲಾಳ ತಾಯಿಗೆಂದು ಒಂದು ರೇಷ್ಮೆ ಸೀರೆ ತಂದರು. ರೇಷ್ಮೆ ಹಗುರ, ಸದ್ಯ ಎಂದುಕೊಂಡೆ. ಸೀರೆ ಮಡಿಕೆ ಕೆಡಬಾರದೆಂದು ಅದಕ್ಕೊಂದು ಮರದ ಪೆಟ್ಟಿಗೆ ತಂದರು. ಪೆಟ್ಟಿಗೆ ಅಲುಗಬಾರದೆಂದು ಪಕ್ಕಕ್ಕೆ ಬೆಲ್ಲದ ಉಂಡೆಗಳನ್ನಿಟ್ಟರು.

"ಮಾವಾ, ಇದು ನ್ಯಾಯವಲ್ಲ."

"ನ್ಯಾಯ ಅಲ್ಲ ಕಣವ್ವಾ, ಬೆಲ್ಲ" ಎಂದರು ಮಾವ, ಮುಖದಲ್ಲಿ ನಗು ಒಂದಿಷ್ಟೂ ಇಲ್ಲದೆ.

ಒಳಕೋಣೆಗೆ ಹೋಗಿ ಉಳಿದಿದ್ದ ನನ್ನ ಮೂಲೆಯನ್ನೂ ಖಾಲಿ ಮಾಡಿದೆ. ಉಟ್ಟ ಸೀರೆಯ ಜೊತೆಗೆ ಇನ್ನೊಂದು, ಒಂದು ಬಾಚಣಿಗೆ, ಇಷ್ಟಿದ್ದರೆ ಹೆಣ್ಣೊಬ್ಬಳು ರಜೆ ಕಳೆಯಬಲ್ಲಳು ಎಂದು ಮನಸ್ಸಿಗೆ ಹೇಳಿಕೊಂಡೆ.

ಬೆಳಿಗ್ಗೆ ರಾಯದುರ್ಗದ ಸ್ಟೇಷನ್ನಿಗೆ ಹೋಗುವ ಎತ್ತಿನ ಗಾಡಿ ಬಾಗಿಲಿಗೆ ಬಂತು. ಮಾವ ಹೊಸ ಅಂಗಿ ತೊಟ್ಟು, ಜರಿಯಂಚಿನ ಕೆಂಪು ರುಮಾಲು ಸುತ್ತಿ, ಕೊಡೆ ಹಿಡಿದು, ಆಗಲೇ ಪ್ರಯಾಣದ ಮುಖ ಮಾಡಿಕೊಂಡು ಜಗಲಿಯ ಮೇಲೆ ಕೂತಿದ್ದರು. ಸುದ್ದಿ ಬೀದಿಗೆಲ್ಲ ಹಬ್ಬಿತ್ತು. ನಾನು ಟ್ರಂಕಿನ ಹಿಡಿಗೆ ಕೈ ಹಾಕುತ್ತಿದ್ದಂತೆ ಒಂದೊಂದೇ ಮನೆಯಲ್ಲಿ ಮಗ್ಗದ ಸದ್ದು ನಿಂತಿತು. ನೇಕಾರರು ಮಗ್ಗದ ಕುಣಿಯಿಂದ ಎದ್ದು ಹೊಸ್ತಿಲಿಗೆ ಬಂದು ನಿಂತರು. ನನ್ನ ಪದವಿ ಪ್ರದಾನಕ್ಕೂ ಇಷ್ಟು ಜನ ಸೇರಿರಲಿಲ್ಲ. ಎತ್ತಿದೆ. ಮೊದಲ ಹೆಜ್ಜೆಗೆ ಭುಜ ಕಳಚಿಹೋಯಿತೆಂದುಕೊಂಡೆ. ಎರಡನೆಯ ಹೆಜ್ಜೆಗೆ ಏನೂ ಅನ್ನಿಸಲಿಲ್ಲ, ಅನ್ನಿಸುವ ಶಕ್ತಿ ಇರಲಿಲ್ಲ. ಟ್ರಂಕು ಗಾಡಿಯ ಹಲಗೆಗೆ ಧಡ್ ಎಂದು ಬಿತ್ತು. "ಸಾಬಾಸ್!" ಎಂದರು ಯಾರೋ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಕಂಡಂತೆ ಅದೇ ಮೊದಲು. ಆಮೇಲೆ ರುಮಾಲು ತೆಗೆದು ಮಂಡಿಯ ಮೇಲಿಟ್ಟುಕೊಂಡು, "ಹೋಗಿ ಬಾರವ್ವಾ. ಬೆಂಗಳೂರು ಎಲ್ಲಿಗೂ ಓಡಿಹೋಗಲ್ಲ, ನಾನು ಇನ್ನೊಂದು ಸಾರಿ ನೋಡ್ತೀನಿ" ಎಂದರು. ಗೆದ್ದವಳಿಗೆ ಆಗಬೇಕಾದಷ್ಟು ಸಂತೋಷ ನನಗೆ ಆಗಲಿಲ್ಲ.

ಬಳ್ಳಾರಿಯವರೆಗೆ ಎಲ್ಲ ಸುಗಮ. ಯಾರೂ ನನ್ನಿಂದ ಏನನ್ನೂ ಓದಿಸಲಿಲ್ಲ. ಗುಂತಕಲ್ಲಿನಲ್ಲಿ ಇಳಿದು ಬೆಂಗಳೂರಿನ ರೈಲಿಗೆ ಕಾಯಬೇಕಿತ್ತು. ಟ್ರಂಕನ್ನು ಹೇಗೋ ನೆರಳಿಗೆ ಎಳೆದು ತಂದು ಅದರ ಮೇಲೆ ಕೂತೆ. ಬಾಯಾರಿಕೆ ತಡೆಯಲಾಗಲಿಲ್ಲ. ನಲ್ಲಿ ಪ್ಲಾಟ್‌ಫಾರಮ್ಮಿನ ಆ ತುದಿಯಲ್ಲಿತ್ತು. ಟ್ರಂಕನ್ನು ಬಿಟ್ಟು ಹೋಗುವಂತಿಲ್ಲ, ಅದರಲ್ಲಿ ಊರಿನವರ ಮಾನವೆಲ್ಲ ಇದೆ. ಎತ್ತಿಕೊಂಡು ಹೋಗೋಣವೆಂದರೆ ತೋಳು ಮೊಳಕಾಲ್ಮುರಿನಲ್ಲೇ ತೀರಿಹೋಗಿತ್ತು. ಅಪ್ಪ ಟ್ರಂಕನ್ನು ಎತ್ತುವ ಬಗ್ಗೆ ಯೋಚಿಸಿದ್ದರೇ ಹೊರತು ಅದನ್ನು ಬಿಟ್ಟೇಳುವ ಬಗ್ಗೆ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಪಕ್ಕದಲ್ಲಿ ಬುಟ್ಟಿಗಳ ನಡುವೆ ಒಬ್ಬ ಹಿರಿಯ ಹೆಂಗಸು ಕೂತಿದ್ದಳು. ನನ್ನನ್ನು ಬಹಳ ಹೊತ್ತು ನೋಡಿ, "ನೀ ವೆಂಟ ಎವರೂ ಲೇರಾ ಅಮ್ಮಾ?" ಎಂದಳು. ಜೊತೆಗೆ ಯಾರೂ ಇಲ್ಲವೇ ಎಂದು. ತೆಲುಗು ನನಗೆ ಮಾವನ ಬೀದಿಯಿಂದ ಬಂದದ್ದು. ಹೌದು, ಯಾರೂ ಇಲ್ಲ ಎನ್ನಬೇಕಿತ್ತು. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಆದರೆ ಅಷ್ಟು ಜನರ ಕಿವಿ ಇತ್ತ ತಿರುಗಿದ್ದು ಕಂಡು ನಾಲಿಗೆ ಹೊರಳಲಿಲ್ಲ. "ಮಾವ ಬಂದಿದ್ದಾರೆ. ನೀರಿಗೆ ಹೋಗಿದ್ದಾರೆ" ಎಂದುಬಿಟ್ಟೆ.

ಹೇಳಿದ ಮೇಲೆ ತಿಳಿಯಿತು. ಮಾವ ನೀರಿಗೆ ಹೋಗಿದ್ದಾರೆಂದ ಮೇಲೆ ಇನ್ನು ನಾನು ನೀರಿಗೆ ಹೋಗುವಂತಿಲ್ಲ.

ಸ್ವಲ್ಪ ಹೊತ್ತಾಯಿತು. ಆಕೆ ನನ್ನ ತೆಲುಗಿನಲ್ಲಿ ಕನ್ನಡವನ್ನು ಗುರುತಿಸಿ ಬಳ್ಳಾರಿಯ ಮಾತಿಗೆ ತಿರುಗಿದಳು. "ನಿಮ್ಮ ಮಾವ ಬಾವಿ ತೋಡಾಕ ಹತ್ಯಾನೇನವ್ವಾ? ಎಷ್ಟೊತ್ತಾತು!" ತನ್ನ ಚೊಂಬಿನಿಂದ ನನಗೆ ನೀರು ಕೊಟ್ಟಳು. ನಾನು ಕುಡಿದ ಆತುರ ನೋಡಿ ಅವಳ ಸಂಶಯ ಗಟ್ಟಿಯಾಯಿತು. ಎದುರಿಗೆ ಕೂತಿದ್ದ ಮುದುಕನನ್ನು ಕರೆದು, "ಈ ಹುಡುಗಿ ಮಾವ ಕಾಣವಲ್ಲ, ಒಂಚೂರು ನೋಡ್ರಿ" ಎಂದಳು. ಮಾವ ನೋಡಲು ಹೇಗಿದ್ದಾರೆ ಎಂದು ಅವರು ಕೇಳಿದರು. ಸುಳ್ಳಿನಲ್ಲಿ ಅಭ್ಯಾಸ ಸಾಲದ ನಾನು ಇದ್ದದ್ದು ಇದ್ದಂತೆ ವರ್ಣಿಸಿದೆ: ಜರಿಯಂಚಿನ ಕೆಂಪು ರುಮಾಲು, ದಪ್ಪ ಮೀಸೆ, ಕಿವಿಯಲ್ಲಿ ಒಂಟಿ, ಕೈಯಲ್ಲಿ ಕೊಡೆ, ಹೆಸರು ವೆಂಕಟಪ್ಪ.

ಆಮೇಲೆ ನಡೆದದ್ದು ನನ್ನ ಕೈಯಲ್ಲಿರಲಿಲ್ಲ. ಮುದುಕ "ವೆಂಕಟಪ್ಪನೋರೇ!" ಎಂದು ಕೂಗುತ್ತ ಹೋದರು. ಕೂಗಿಗೆ ಕೂಗು ಸೇರಿತು. ನಲ್ಲಿಯ ಹತ್ತಿರ, ಗೋದಾಮಿನ ಹಿಂದೆ, ನಿಂತಿದ್ದ ಗೂಡ್ಸ್ ಗಾಡಿಯ ಕೆಳಗೆ ಸಹ ನೋಡಿದರು. ರೈಲ್ವೆ ಪೊಲೀಸಿನವನೊಬ್ಬ ಚಹರೆ ಕೇಳಿಕೊಂಡು ಹೋಗಿ, ಕೆಂಪು ರುಮಾಲಿನ ಒಬ್ಬ ಬಡಪಾಯಿಯನ್ನು ತೋಳು ಹಿಡಿದು ತಂದು ನನ್ನ ಮುಂದೆ ನಿಲ್ಲಿಸಿದ. "ಇವನೇ ಏನಮ್ಮಾ?"

"ನಾನು ಆದೋನಿಯೋನು ಸ್ವಾಮೀ, ಸೊಸೆನೂ ಇಲ್ಲ ಸೋದರ ಸೊಸೆನೂ ಇಲ್ಲ" ಎಂದ ಆತ, ಅಳುವ ಧ್ವನಿಯಲ್ಲಿ.

ಇವರಲ್ಲ ಎಂದೆ. ಅಷ್ಟರಲ್ಲಿ ರೈಲು ಬಂತು. ಹೆಂಗಸು ಎದ್ದು ನಿಂತು, ಇಡೀ ಸ್ಟೇಷನ್ನಿಗೆ ಕೇಳುವಂತೆ, "ಹೆಣ್ಣುಮಗೂನ ನಡುದಾರ್‍ಯಾಗ ಬಿಟ್ಟು ಓಡಿಹೋದ್ನಲ್ಲ, ಅವನ ಮೀಸಿ ಸುಡ್ಲಿ! ಇನ್ನೊಂದ್ಸಾರಿ ಈ ಕಡಿ ಬರ್ಲಿ, ಆ ರುಮಾಲಿನಾಗೇ ಕಟ್ಟಿ ಹಾಕ್ತೀನಿ!" ಎಂದಳು. ಸುತ್ತಲಿದ್ದವರು ತಾವೂ ಇದ್ದೇವೆ ಎಂದರು.

"ಅಯ್ಯೋ, ಅವರು ಬಹಳ ಒಳ್ಳೆಯವರು!" ಎಂದೆ. ಆ ದಿನ ನಾನು ಹೃದಯ ತುಂಬಿ ಆಡಿದ ಸತ್ಯ ಅದೊಂದೇ. ಯಾರೂ ನಂಬಲಿಲ್ಲ. "ಪಾಪ, ಇನ್ನೂ ಮಾವನ್ನ ಬಿಟ್ಟುಕೊಡವಲ್ದು" ಎಂದು ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನ್ನ ಟ್ರಂಕನ್ನು ನಾಲ್ಕಾರು ಕೈಗಳು ಸೇರಿ ಹೆಂಗಸರ ಡಬ್ಬಿಗೆ ಏರಿಸಿದವು. ಧರ್ಮಾವರದಲ್ಲಿ ಬುಟ್ಟಿಗಳ ಹೆಂಗಸು ಇಳಿಯುವಾಗ ನನ್ನನ್ನು ಇನ್ನೊಬ್ಬಳಿಗೆ ಒಪ್ಪಿಸಿದಳು, ಹಿಂದೂಪುರದಲ್ಲಿ ಆಕೆ ಮತ್ತೊಬ್ಬಳಿಗೆ. ಪ್ರತಿಯೊಬ್ಬರಿಗೂ ನನ್ನ ಕತೆಯನ್ನು ಮೊದಲಿನಿಂದ ಹೇಳಲಾಯಿತು, ಪ್ರತಿಯೊಬ್ಬರೂ ಏನಾದರೂ ತಿನ್ನಲು ಕೊಟ್ಟರು. ಬೆಂಗಳೂರಿನಲ್ಲಿ ಕಮಲಾ, "ಒಬ್ಬಳೇ ಬಂದೆಯಾ! ಧೈರ್ಯವೇ ಧೈರ್ಯ" ಎಂದಳು. ನಾನು ಹೌದೆಂದೆ.

ಈ ಬೇಸಿಗೆಗೆ ಕಮಲಾ ಮತ್ತೆ ಕರೆದಿದ್ದಾಳೆ. ಅಪ್ಪ ಯಾವ ಷರತ್ತೂ ಹಾಕಿಲ್ಲ. ಮಾವ ಜೊತೆಗೆ ಬರಲಿ ಎಂದು ನಾನೇ ಹೇಳಿದೆ. ಅವ್ವನಿಗೆ ಆಶ್ಚರ್ಯ, ಮಾವನಿಗೆ ಆನಂದ. ಯುಗಾದಿಯಿಂದಲೇ ಅವರು ಸಾಮಾನು ಜೋಡಿಸುತ್ತಿದ್ದಾರಂತೆ. ತೊಂದರೆ ಒಂದೇ. ನಾನು ಚಿತ್ರದುರ್ಗದ ಮೇಲೆ ಹೋಗೋಣ ಎನ್ನುತ್ತೇನೆ. ಮಾವ ಗುಂತಕಲ್ಲಿನ ಮೇಲೆಯೇ ಹೋಗಬೇಕೆಂದು ಹಟ ಹಿಡಿದಿದ್ದಾರೆ, ಅಷ್ಟು ದೊಡ್ಡ ಸ್ಟೇಷನ್ನನ್ನು ಅವರು ನೋಡಿಲ್ಲವಂತೆ. ಆ ಕಡೆ ಸೆಕೆ ಬಹಳ ಎಂದು ಹೇಳಿ ಕಳಿಸಿದ್ದೆ. "ಸೆಕೆಗೆ ಹೆದರೋ ಊರಿನೋರೇನವ್ವಾ ನಾವು? ಅಲ್ಲಿ ನಮಗೆ ಯಾರ ಭಯ?" ಎಂದು ಉತ್ತರ ಬಂದಿದೆ.