ಬಲಗೈಯ ಬೋಣಿ

ಸುಲಭದ ಕೆಲಸ ಕಂಡಾಗ "ಅದೇನು ಮಹಾ, ಎಡಗೈಲಿ ಮಾಡಿ ಬಿಸಾಕ್ತೀನಿ" ಎನ್ನುವವರನ್ನು ಗಮನಿಸಿದ್ದೇನೆ. ಅವರೆಲ್ಲ ಬಲಗೈಯವರು. ಹುಟ್ಟಿದಾಗಿನಿಂದ ಎಡಗೈಯನ್ನೇ ನಂಬಿಕೊಂಡ ನನ್ನಂಥವರು ಹಾಗೆ ಜಂಬ ಕೊಚ್ಚುವುದಿಲ್ಲ. ನಾವು ಎಡಗೈಲಿ ಏನು ಮಾಡಹೋದರೂ ಯಾರಾದರೊಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾರೆ.

ನನ್ನ ಮಟ್ಟಿಗೆ ಹಾಗೆ ನೋಡುತ್ತಿದ್ದವಳು ನಮ್ಮ ಆಯಿ, ಎಂದರೆ ಅಪ್ಪನ ತಾಯಿ. ಯಾಲಾಲ್ ಹತ್ತಿರ ನಮ್ಮದು ಕುರಿ ಸಾಕುವ ಮನೆ. ಊಟಕ್ಕೆ ಎಡಗೈ ಮುಂದೆ ಬಂದರೆ ಆಯಿ ಅದಕ್ಕೆ ಬೇವಿನ ರಸ ಸವರುತ್ತಿದ್ದಳು. ಉಣ್ಣುವುದನ್ನು ಬಲಗೈಲಿ ಕಲಿತೆ, ಉಳಿದದ್ದೆಲ್ಲ ಎಡಗೈಗೇ ಉಳಿಯಿತು. ಹೃದಯ ಇರುವುದು ಎಡಕ್ಕೆ ಎಂದು ಪುಸ್ತಕದಲ್ಲಿ ಓದಿದ ದಿನ ನನಗೆ ಬಹಳ ಸಮಾಧಾನವಾಯಿತು. ಆಯಿಗೆ ಹೇಳಿದರೆ ಅವಳು ನಂಬಲಿಲ್ಲ.

ಡಾಕ್ಟರಿ ಓದಿ ತಾಂಡೂರು ಕಡೆಯ ಒಂದು ದವಾಖಾನೆಗೆ ಹೌಸ್ ಸರ್ಜನ್ ಆಗಿ ಬಂದಾಗ ಗೊತ್ತಾಯಿತು, ಶಸ್ತ್ರಚಿಕಿತ್ಸೆಯ ಸಾಮಾನು ಮಾಡಿದವನೂ ಆಯಿಯ ಪಕ್ಷದವನೇ ಎಂದು. ಹೊಲಿಗೆಯ ಸೂಜಿಯನ್ನು ಒಂದು ಚಿಮಟದಲ್ಲಿ ಹಿಡಿಯಬೇಕು. ಅದರ ಹಿಡಿಯಲ್ಲಿ ಹಲ್ಲುಗಳಿವೆ, ಅಮುಕಿದರೆ ಕಟ್ಟೆಂದು ಬೀಗ ಬೀಳುತ್ತದೆ. ಬಲಗೈ ಹೆಬ್ಬೆರಳಿನಿಂದ ತುಸು ತಳ್ಳಿದರೆ ಬಿಡುತ್ತದೆ. ಎಡಗೈಲಿ ಹಾಗೆಯೇ ತಳ್ಳಿದರೆ ಇನ್ನಷ್ಟು ಬಿಗಿಯುತ್ತದೆ. ಕತ್ತರಿಯಂತೂ ದಾರವನ್ನು ಕತ್ತರಿಸುವ ಬದಲು ಅಲಗುಗಳ ನಡುವೆ ಮಡಿಸಿ ಮಲಗಿಸುತ್ತಿತ್ತು. ಒಮ್ಮೆ ಕಲ್ಲಿನ ಗಣಿಯ ಕೂಲಿಯೊಬ್ಬನ ಕಾಲಿನಲ್ಲಿ ಚಿಮಟ ದಾರ ಕಚ್ಚಿಕೊಂಡು ಏನು ಮಾಡಿದರೂ ಬಿಡಲಿಲ್ಲ. ಅವನು ತುಂಬ ವಿನಯದಿಂದ, "ಡಾಕ್ಟರವ್ವ, ಇದು ನನ್ನ ಕೂಡ ಮನೀಗಿ ಬರ್ತದೇನ್ರಿ?" ಎಂದು ಕೇಳಿದ.

ಅದನ್ನು ಬಿಡಿಸಿದ್ದು ನಮ್ಮ ದೊಡ್ಡ ಡಾಕ್ಟರು. ಬೈಯಲಿಲ್ಲ. "ಎಡಗೈಲೆ ಹೊಲೀತೀನಂದ್ರ ಹೊಲೀರಿ. ಆದ್ರ ಮೊದ್ಲು ಪೇಷಂಟಿಗಿ ಕೇಳ್ರಿ. ಒಬ್ರರೆ ಹ್ಞೂಂ ಅಂದು, ಹೊಲಿಗಿ ಛಲೋ ಬಂದ್ರ ಆಪರೇಷನ್ ಥಿಯೇಟರಿಗಿ ಬರ್ರಿ. ಇಲ್ಲಂದ್ರ ಜ್ವರದ ವಾರ್ಡು ಅದ" ಎಂದರು. ನನಗೆ ಸರ್ಜರಿಯೇ ಬೇಕಿತ್ತು. ಜ್ವರದ ವಾರ್ಡನ್ನು ನೆನೆದರೆ ಅಳು ಬರುತ್ತಿತ್ತು.

ಹಳೆಯದೊಂದು ಚಿಮಟ ಕೇಳಿ ತಂದು ಬಾಡಿಗೆ ಕೋಣೆಯಲ್ಲಿ ಬದನೆಕಾಯಿ ಕೊಯ್ದು ಹೊಲಿಯತೊಡಗಿದೆ. ಎಡಗೈಯವರು ಹೆಬ್ಬೆರಳನ್ನು ತಳ್ಳಬಾರದು, ಒಳಕ್ಕೆ ಎಳೆಯಬೇಕು ಎಂದು ಬದನೆಕಾಯಿಗಳ ಮೇಲೆಯೇ ಕಂಡುಕೊಂಡೆ. ಹೊಲಿದ ಕಾಯಿಗಳನ್ನು ಎಸೆಯಲು ಮನಸ್ಸಾಗದೆ ಮನೆಯ ಒಡತಿಗೆ ಕೊಟ್ಟೆ. ದಾರ ಎಲ್ಲ ತೆಗೆದಿದ್ದೇನೆಂದೇ ನಂಬಿದ್ದೆ. ಊಟದ ನಡುವೆ ಆಕೆ ಬಾಯಿಂದ ಉದ್ದನೆಯ ಕರಿದಾರವೊಂದನ್ನು ಎಳೆದು ನೋಡಿ, "ತಂಗಿ, ಈ ಬದನಿಕಾಯಿಗಿ ಏನಾಗಿತ್ತವ್ವ?" ಎಂದು ಕೇಳಿದಳು.

ಕೈ ಪಳಗಿತು, ಆದರೆ ಪೇಷಂಟು ಒಪ್ಪಬೇಕಲ್ಲ. ಎಡಗೈಲಿ ಸೂಜಿ ಕಂಡರೆ ಕಾಲು ಚಾಚಿದವರು ಕಾಲು ಎಳೆದುಕೊಳ್ಳುತ್ತಿದ್ದರು. "ಮನ್ಯಾಗ ಮದುವಿ ಅದರಿ, ಎಡಗೈ ಬ್ಯಾಡ" ಎಂದರು ಒಬ್ಬರು. ಹಾಗೆ ದಿನಗಳು ಹೋಗುತ್ತಿರುವಾಗ ಜೋಳದ ಸುಗ್ಗಿಯಲ್ಲಿ ಮುಂಗೈಗೆ ಕುಡಗೋಲು ತಾಗಿಸಿಕೊಂಡು, ಸೀರೆಯ ಚೂರು ಸುತ್ತಿಕೊಂಡು ಬಸ್ಸಿಳಿದು ಬಂದವಳು ಆಯಿ.

ದೊಡ್ಡ ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಗಾಯ ತೊಳೆದು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಚಿಮಟ ಎತ್ತಿಕೊಂಡೆ. ಆಯಿ ನನ್ನ ಕೈಯನ್ನೇ ನೋಡಿದಳು.

"ಆ ಕೈ ಇನ್ನಾ ಸುಧಾರಿಸಿಲ್ಲೇನು?"

"ಇಲ್ಲ ಆಯಿ. ಆದ್ರ ಈ ಕೈಲೆ ಛಲೋ ಹೊಲೀತೀನಿ. ಹೊಲೀಲೇನು?"

ಆಯಿ, "ಅಂಗಡಿಯಾಂವ ಬೋಣಿ ಬಲಗೈಲೆ ಮಾಡ್ತಾನ. ಆಮ್ಯಾಲ ಯಾವ ಕೈಲೆ ತೂಗಿದ್ರ ಯಾರು ಕೇಳ್ತಾರ? ಮೊದಲ್ನೇ ಹೊಲಿಗಿ ಬಲಗೈಲೆ ಹಾಕು. ಉಳಿದದ್ದು ನಿನ್ನ ಖುಷಿ" ಎಂದಳು. ದೊಡ್ಡ ಡಾಕ್ಟರು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಹೆಗಲು ಅಲುಗುತ್ತಿತ್ತು.

ಬಲಗೈಲಿ ಬೋಣಿ ಮಾಡಿದೆ. ಗೋಣಿಚೀಲದ ಬಾಯಿ ಹೊಲಿದಂತೆ ಬಂತು. ಆಮೇಲೆ ಕೈ ಬದಲಿಸಿದೆ. ಚಿಮಟ ಕಚ್ಚಿತು, ಬಿಟ್ಟಿತು, ಮತ್ತೆ ಕಚ್ಚಿತು, ಬಿಟ್ಟಿತು. ದೊಡ್ಡ ಡಾಕ್ಟರು ಬಗ್ಗಿ ನೋಡಿ, "ನಾಳಿ ಥಿಯೇಟರಿಗಿ ಬರ್ರಿ" ಎಂದಷ್ಟೇ ಹೇಳಿ ಹೋದರು. ಮುಂದೆ ಅನುಮಾನಿಸಿದ ಪೇಷಂಟುಗಳಿಗೆಲ್ಲ "ಬೋಣಿ ಬಲಗೈಲೆ ಮಾಡ್ತೀನ್ರಿ" ಎನ್ನುತ್ತಿದ್ದೆ. ಯಾರೂ ಬೇಡವೆನ್ನಲಿಲ್ಲ.

ಮರುವರ್ಷ ಊರಿಗೆ ಹೋದಾಗ ಆಯಿ ಕಟ್ಟೆಯ ಮೇಲೆ ಕುಳಿತು ನೆರೆಮನೆಯ ಹೆಂಗಸಿಗೆ ಕೈ ತೋರಿಸುತ್ತಿದ್ದಳು. ಎಡಗೈಲಿ ಹಾಕಿದ ಹೊಲಿಗೆಗಳ ಗುರುತು ಎಲ್ಲಿಯೂ ಇರಲಿಲ್ಲ. ಒಂದು ತುದಿಯಲ್ಲಿ ಮಾತ್ರ ಹುಣಸೆಬೀಜದಂಥ ಗಂಟು.

"ನೋಡು, ಬಲಗೈದು ಹ್ಯಾಂಗ ಗಟ್ಟಿ ನಿಂತದ. ಎಡಗೈದು ಒಂದರೆ ಉಳಿದದೇನು?"

ಗುರುತು ಉಳಿಯದಿರುವುದೇ ಒಳ್ಳೆಯ ಹೊಲಿಗೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನೆರೆಮನೆಯಾಕೆ ಆ ಗಂಟನ್ನು ಮುಟ್ಟಿ ಮುಟ್ಟಿ ನೋಡಿ, "ನನಗ ಏನರೆ ಆದ್ರ ಪೂರಾ ಬಲಗೈಲೇ ಹೊಲೀಬೇಕು ನೋಡವ್ವ" ಎಂದಳು.

ಆಗಲಿ ಎಂದೆ. ಆಕೆಗೆ ಒಂದು ಗೀರೂ ಆಗದಿರಲೆಂದು ಹಾರೈಸಿದಷ್ಟು ಮನಃಪೂರ್ವಕವಾಗಿ ನಾನು ಬೇರೆ ಯಾರಿಗೂ ಹಾರೈಸಿಲ್ಲ.