ಡಿವೈಸ್ ಮ್ಯಾನೇಜರ್ ತೆರೆದ ಶನಿವಾರ

ನನಗೆ ಕಂಪ್ಯೂಟರ್ ಗೊತ್ತು ಎಂಬ ಸುದ್ದಿ ಹಬ್ಬಲು ನಾನೇ ಕಾರಣ. ಕೊಯಮತ್ತೂರಿನ ಪಂಪ್ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ನಾನು. ಒಮ್ಮೆ ಆಫೀಸಿನ ಪ್ರಿಂಟರ್ ಕೆಟ್ಟಾಗ ಡಿವೈಸ್ ಮ್ಯಾನೇಜರ್ ತೆರೆದೆ. ಕಂಪ್ಯೂಟರಿಗೆ ಸೇರಿದ ಕೀಬೋರ್ಡು, ಮೈಕು, ಕ್ಯಾಮೆರಾಗಳೆಲ್ಲದರ ಹಾಜರಿ ಪುಸ್ತಕ ಅದು. ಅಲ್ಲಿ ‘ಸ್ಕ್ಯಾನ್’ ಎಂದಿದ್ದುದನ್ನು ಒತ್ತಿದೆ. ಪ್ರಿಂಟರ್ ಓಡಿತು. ಅದೇ ಗಳಿಗೆಯಲ್ಲಿ ಮೇಜಿನಡಿ ಬಗ್ಗಿದ್ದ ಸಹೋದ್ಯೋಗಿ ಕಳಚಿದ್ದ ವೈರನ್ನು ಸಿಕ್ಕಿಸಿದ್ದರು ಎಂಬುದನ್ನು ನಾನು ಯಾರಿಗೂ ಹೇಳಲಿಲ್ಲ.

ನಮ್ಮದು ತಲೆಮಾರುಗಳಿಂದ ತಮಿಳುನಾಡಿನಲ್ಲೇ ನೆಲೆಸಿದ ಮನೆತನ. ಮನೆಯಲ್ಲಿ ಕನ್ನಡ ಆಡುತ್ತೇವೆ, ಓದಲು ಬಾರದು. ಮೈಸೂರಿನಿಂದ ಬಂದ ನನ್ನ ಹೆಂಡತಿ ಸರಸ ನನಗೆ ಅಕ್ಷರ ಕಲಿಸಿದಳು. ಆ ಧೈರ್ಯದ ಮೇಲೆ, ನಮ್ಮಂಥವರಿಗಾಗಿ ಆನ್‌ಲೈನಿನಲ್ಲಿ ಕನ್ನಡ ತರಗತಿ ತೆರೆದಳು. ಏಳು ಜನ ಸೇರಿದರು. ಹಿರಿಯರೆಂದರೆ ಪಕ್ಕದ ಸೂಲೂರಿನ ರುಕ್ಕಮ್ಮ, ಆಯುಷ್ಯವೆಲ್ಲ ಮಗ್ಗದ ಮುಂದೆ ಕಳೆದವರು. ಅವರ ಪೆಟ್ಟಿಗೆಯಲ್ಲಿ ತಾಯಿ ಬರೆದ ಕನ್ನಡ ಕಾಗದಗಳಿವೆ. “ನಮ್ಮವ್ವ ಏನ್ ಬರ್ದವ್ಳೋ, ನಾನೇ ಓದ್ಬೇಕು ಕಣಮ್ಮ. ಇನ್ನೊಬ್ರ ಕೈಲಿ ಕೊಡಕ್ಕೆ ಮನ್ಸು ಬರಲ್ಲ” ಎಂದಿದ್ದರಂತೆ.

ಮೊದಲ ತರಗತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಸರಸ ಹೊಸ ಸೀರೆಯುಟ್ಟು ಲ್ಯಾಪ್‌ಟಾಪಿನ ಮುಂದೆ ಕುಳಿತು ಎರಡು ನಿಮಿಷ ಮಾತಾಡಿದಳು. ರುಕ್ಕಮ್ಮನ ಫೋನು ಬಂತು. “ಟೀಚರಮ್ಮ, ಬಾಯಿ ಆಡ್ತದೆ, ಸತ್ತಮೇ ಇಲ್ಲ!” ಸತ್ತಂ ಎಂದರೆ ನಮ್ಮ ಕಡೆ ಸದ್ದು. ಮೈಸೂರಿನವಳು ಒಂದು ಕ್ಷಣ ಬೆಚ್ಚಿದಳು.

“ನನ್ನ ಮೊಬೈಲಿನಲ್ಲೇ ಮಾಡಿಬಿಡ್ಲೇನ್ರೀ?” ಎಂದಳು.

“ಎರಡೇ ನಿಮಿಷ, ಏಳು” ಎಂದು ಕುರ್ಚಿ ಹಿಡಿದೆ, ಏಳು ಜನರ ‘ಹಲೋ ಹಲೋ’ ತಡೆಯಲಾರದೆ ಸ್ಪೀಕರನ್ನು ಅಡಗಿಸಿದೆ.

ಡಿವೈಸ್ ಮ್ಯಾನೇಜರಿನಲ್ಲಿ ಯಾವುದೋ ಒಂದರ ಪಕ್ಕ ಹಳದಿ ಗುರುತಿತ್ತು. ಮೈಕಿಗೂ ಅದಕ್ಕೂ ಸಂಬಂಧವಿತ್ತೋ ಇಲ್ಲವೋ, ಅದನ್ನು ಕಿತ್ತುಹಾಕಿದೆ. ‘ಹಲೋ’ ಎಂದರೆ ಪರದೆಯಲ್ಲಿ ಮೈಕಿನ ಪಟ್ಟಿ ಅಲುಗಲಿಲ್ಲ, ಸತ್ತಂ ಬರಲಿಲ್ಲ. ಕೆಳಗೆ ಒಂದೇ ಬಗೆಯ ಹೆಸರಿನ ಐದಾರು ಸಾಧನಗಳು ಸಾಲಾಗಿ ನಿಂತಿದ್ದವು. ಇಷ್ಟೊಂದು ಯಾಕೆ ಎಂದು ಒಂದನ್ನು ನಿಷ್ಕ್ರಿಯಗೊಳಿಸಿದೆ. ಅಲ್ಲಿಗೆ ಪರದೆಯ ಮೇಲಿನ ಬಾಣ ನಿಂತುಹೋಯಿತು. ನಾನು ಆರಿಸಿದ್ದು ಟಚ್‌ಪ್ಯಾಡನ್ನೇ! ಅದನ್ನು ಮತ್ತೆ ಎಬ್ಬಿಸೋಣವೆಂದರೆ ಒತ್ತಲು ಬಾಣವೇ ಅಲುಗದು.

ಅಂಥ ಅಸಹಾಯಕತೆಯನ್ನು ಶತ್ರುವಿಗೂ ಬಯಸಲಾರೆ. ಬೆವರಿದೆ. ಮನೆದೇವರನ್ನು ನೆನೆದೆ. ಟ್ಯಾಬ್ ಒತ್ತಿದೆ, ಬಾಣದ ಕೀಲಿಗಳನ್ನು ಒತ್ತಿದೆ, ಗೆರೆಯಿಂದ ಗೆರೆಗೆ ಹತ್ತಿದೆ, ಇಳಿದೆ. ಆ ಏಳು ಜನ ಬೇಸತ್ತು ಹೋಗಿರುತ್ತಾರೆ, ರುಕ್ಕಮ್ಮ ಕಾಗದಗಳನ್ನು ಮತ್ತೆ ಪೆಟ್ಟಿಗೆಗೆ ಸೇರಿಸಿರುತ್ತಾರೆ, ಸರಸ ಇನ್ನು ಎಂದೂ ಪಾಠಕ್ಕೆ ಕೂರುವುದಿಲ್ಲ ಎನಿಸಿ ಕೀಲಿಗಳನ್ನು ಇನ್ನಷ್ಟು ಜೋರಾಗಿ ಕುಟ್ಟಿದೆ. ಕೊನೆಗೆ ಮೆನುವಿನಲ್ಲಿ ‘ಎನೇಬಲ್’ ಸಿಕ್ಕಿ ಬಾಣಕ್ಕೆ ಜೀವ ಬಂತು. ‘ಸ್ಕ್ಯಾನ್’ ಒತ್ತಿದಾಗ ಕಿತ್ತುಹಾಕಿದ್ದೂ ಮರಳಿತು. ಗಂಟೆ ಹತ್ತೂಮುಕ್ಕಾಲು. ಸತ್ತಂ ಮಾತ್ರ ಇಲ್ಲ.

ಕೈಚೆಲ್ಲಿ ಕೂತಾಗ ಅಡುಗೆಮನೆಯಿಂದ “ಅ... ಆ...” ಎಂದು ಹಲವು ಕಂಠಗಳು ಕೇಳಿದವು. ಸರಸ ಮೊಬೈಲನ್ನು ಉಪ್ಪಿನ ಭರಣಿಗೆ ಒರಗಿಸಿ ಪಾಠ ಮುಗಿಸುತ್ತಿದ್ದಳು. ರುಕ್ಕಮ್ಮ ಹೇಳುತ್ತಿದ್ದರು: “ಟೀಚರಮ್ಮ, ಕಾಗದದಾಗೆ ಮೊದಲ್ನೇ ಅಕ್ಷರ ಇದೇ! ‘ಅ’ನೇ ಐತೆ!”

ಆಮೇಲೆ ಸರಸ ಬಂದು ಕೀಬೋರ್ಡಿನತ್ತ ಬಗ್ಗಿದಳು. “ಇದ್ಯಾಕ್ರೀ ಕೆಂಪು ದೀಪ?” ಮೈಕಿನ ಚಿತ್ರವಿದ್ದ ಆ ಕೀಲಿಯನ್ನು ಒತ್ತಿದಳು. ದೀಪ ಆರಿತು, ‘ಹಲೋ’ ಎಂದಾಗ ಮೈಕಿನ ಪಟ್ಟಿ ಕುಣಿಯಿತು, ಸತ್ತಂ ಬಂತು. ಹಿಂದಿನ ದಿನ ಕೀಬೋರ್ಡನ್ನು ಬಟ್ಟೆಯಿಂದ ಉಜ್ಜಿ ಉಜ್ಜಿ ಒರೆಸಿದವನು ನಾನೇ.

“ಇನ್ನೊಂದು ವಿಷಯ” ಎಂದಳು, ನಗು ತಡೆಯುತ್ತ. “ಲ್ಯಾಪ್‌ಟಾಪಿನ ಕ್ಯಾಮೆರಾ ಆನ್ ಇತ್ತು. ಇಷ್ಟು ಹೊತ್ತೂ ಅವರೆಲ್ಲ ನಿಮ್ಮನ್ನೂ ನೋಡ್ತಿದ್ರು. ಸಾರ್‌ಗೆ ಮೈ ಸರಿಯಿಲ್ವಾ ಅಂತ ರುಕ್ಕಮ್ಮ ಎರಡು ಸಲ ಕೇಳಿದ್ರು.”

ಈಗ ಪ್ರತಿ ಶನಿವಾರ ಒಂಬತ್ತೂವರೆಗೆ ಸರಸ ನನ್ನ ಕೈಗೆ ಚೀಲ ಕೊಟ್ಟು ಸೊಪ್ಪು ತರಲು ಕಳಿಸುತ್ತಾಳೆ. ಮನೆಯಲ್ಲಿ ಸೊಪ್ಪು ಬೇಕಾದಷ್ಟಿರುತ್ತದೆ. ನಾನೂ ಹೋಗಿ ಇನ್ನೊಂದು ಕಟ್ಟು ತರುತ್ತೇನೆ.